ಹರಳಿನೊಳಗಿನ ಎಲೆಕ್ಟ್ರಾನ್: ತಾಮ್ರದ ತಂತಿಯಿಂದ ಮ್ಯಾಂಗನೀಸ್ ಅದಿರಿನವರೆಗೆ

ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಸುಮಾರು 85 ಕೋಟಿ ಕೋಟಿ ಕೋಟಿ ಎಲೆಕ್ಟ್ರಾನುಗಳು ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುತ್ತಿರುತ್ತವೆ. 1900ರಲ್ಲಿ ಪಾಲ್ ಡ್ರೂಡ್ ಇವನ್ನು ಅನಿಲದ ಕಣಗಳೆಂದೇ ಭಾವಿಸಿ ಲೆಕ್ಕ ಹಾಕಿದ. ಓಮ್‌ನ ನಿಯಮ ಆ ಲೆಕ್ಕಕ್ಕೆ ಒಗ್ಗಿತು. ಆದರೆ ಲೋಹವನ್ನು ಕಾಯಿಸಿದಾಗ ಎಲೆಕ್ಟ್ರಾನುಗಳು ಹೀರಬೇಕಿದ್ದ ಶಾಖದಲ್ಲಿ ನೂರರಲ್ಲಿ ಒಂದು ಪಾಲಿನಷ್ಟೂ ಪ್ರಯೋಗದಲ್ಲಿ ಕಾಣಲಿಲ್ಲ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂದು 1925ರಲ್ಲಿ ಪೌಲಿ ತೋರಿಸಿದ ಮೇಲೆ ಇದಕ್ಕೆ ಕಾರಣ ಸಿಕ್ಕಿತು. ಕೆಳಗಿನ ಸ್ಥಿತಿಗಳೆಲ್ಲ ಭರ್ತಿಯಾಗಿರುವುದರಿಂದ ತುದಿಯಲ್ಲಿರುವ ಕೆಲವೇ ಎಲೆಕ್ಟ್ರಾನುಗಳು ಶಾಖಕ್ಕೆ ಅಲುಗಬಲ್ಲವು ಎಂದು ಸೊಮರ್‌ಫೆಲ್ಡ್ ಎರಡು ವರ್ಷಗಳಲ್ಲೇ ಲೆಕ್ಕ ತೋರಿಸಿದ.

1928ರಲ್ಲಿ ಫೆಲಿಕ್ಸ್ ಬ್ಲಾಕ್ ಇಟ್ಟ ಹೆಜ್ಜೆ ಇನ್ನೂ ದೊಡ್ಡದು. ಪರಮಾಣುಗಳು ಸಾಲು ತಪ್ಪದೆ ಕೂತಿರುವ ಹರಳಿನಲ್ಲಿ ಎಲೆಕ್ಟ್ರಾನು ಅಲೆಯಾಗಿ, ಯಾವ ತಡೆಯೂ ಇಲ್ಲದೆ ಸಾಗುತ್ತದೆ. ತಂತಿಯ ರೋಧಕ್ಕೆ ಪರಮಾಣುಗಳಿರುವುದೇ ಕಾರಣವಲ್ಲ, ಅವು ಕಂಪಿಸುವುದು ಮತ್ತು ಅಲ್ಲಲ್ಲಿ ಸಾಲು ಕೆಟ್ಟಿರುವುದು ಕಾರಣ. ಇದರ ಮುಂದುವರಿಕೆಯಾಗಿ 1931ರಲ್ಲಿ ಎ. ಎಚ್. ವಿಲ್ಸನ್ ವಾಹಕ, ಅವಾಹಕ, ಅರೆವಾಹಕಗಳನ್ನು ವಿಂಗಡಿಸಿದ. ಎಲೆಕ್ಟ್ರಾನುಗಳು ಹೊಂದಬಹುದಾದ ಶಕ್ತಿಗಳ ಗುಂಪು, ಅಂದರೆ ಶಕ್ತಿಪಟ್ಟಿ, ಪೂರ್ತಿ ತುಂಬಿದ್ದರೆ ಅವಾಹಕ, ಅರ್ಧ ತುಂಬಿದ್ದರೆ ಲೋಹ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನಲ್ಲಿ ಸಾಲುಸಾಲಾಗಿ ನಿಂತ ಸಿಲಿಕಾನ್ ಫಲಕಗಳು ಕೆಲಸ ಮಾಡುವುದು ಈ ವಿಂಗಡಣೆಯ ಮೇಲೆಯೇ.

ಅದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ಸೀಮೆಯ ನೆಲದಲ್ಲಿ ಸಿಗುವ ವಸ್ತುವೊಂದು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಕಬ್ಬಿಣದ ಜೊತೆಗೆ ಅಲ್ಲಿ ದೊರೆಯುವುದು ಮ್ಯಾಂಗನೀಸ್ ಅದಿರು: ಮುಟ್ಟಿದರೆ ಕೈಗೆ ಮಸಿ ಹತ್ತುವ, ತೂಕದ ಕಪ್ಪು ಕಲ್ಲು, ಬಗೆಬಗೆಯ ಮ್ಯಾಂಗನೀಸ್ ಆಕ್ಸೈಡುಗಳ ಮಿಶ್ರಣ. ಈ ಕುಟುಂಬದ ಸರಳ ಸದಸ್ಯ ಮ್ಯಾಂಗನೀಸ್ ಮಾನಾಕ್ಸೈಡ್. ಅದರ ಪ್ರತಿ ಮ್ಯಾಂಗನೀಸ್ ಅಯಾನಿನ ಹೊರಕವಚದಲ್ಲಿ ಐದು ಎಲೆಕ್ಟ್ರಾನುಗಳಿವೆ. ಬೆಸಸಂಖ್ಯೆಯಾದ್ದರಿಂದ ಪಟ್ಟಿ ಪೂರ್ತಿ ತುಂಬುವಂತಿಲ್ಲ, ವಿಲ್ಸನ್ ಪ್ರಕಾರ ಅದು ಲೋಹವಾಗಬೇಕು. ಆದರೆ ಅದು ಅಪ್ಪಟ ಅವಾಹಕ. 118 ಕೆಲ್ವಿನ್‌ಗಿಂತ ಕೆಳಗೆ ಅದರ ಅಯಾನುಗಳ ಕಾಂತತೆ ಒಂದು ಬಿಟ್ಟು ಒಂದು ತಿರುಗಿ ನಿಲ್ಲುವುದರಿಂದ ಹೀಗಾಗುತ್ತದೆ ಎನ್ನೋಣವೆಂದರೆ, ಆ ತಾಪಕ್ಕಿಂತ ಮೇಲೆಯೂ ಅದು ವಿದ್ಯುತ್ತನ್ನು ಬಿಡುವುದಿಲ್ಲ.

ಇಂಥ ಆಕ್ಸೈಡುಗಳ ತೊಡಕನ್ನು ಡಿ ಬೋರ್ ಮತ್ತು ವೆರ್ವೆ 1937ರಲ್ಲಿ ಮುಂದಿಟ್ಟರು. ಉತ್ತರದ ದಾರಿ ತೋರಿದವನು ನೆವಿಲ್ ಮಾಟ್. ಬ್ಲಾಕ್‌ನ ಲೆಕ್ಕದಲ್ಲಿ ಪ್ರತಿ ಎಲೆಕ್ಟ್ರಾನೂ ಒಂಟಿ, ಉಳಿದವುಗಳ ಹಂಗು ಅದಕ್ಕಿಲ್ಲ. ಆಕ್ಸೈಡಿನಲ್ಲಿ ಹಾಗಲ್ಲ: ಒಂದು ಎಲೆಕ್ಟ್ರಾನು ಪಕ್ಕದ ಅಯಾನಿಗೆ ಜಿಗಿದರೆ ಅಲ್ಲಿ ಮೊದಲೇ ಇರುವವುಗಳ ವಿಕರ್ಷಣೆಯನ್ನು ಎದುರಿಸಬೇಕು. ಆ ಬೆಲೆ ದುಬಾರಿಯಾದಾಗ ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ; ಇದೇ ಮಾಟ್ ಅವಾಹಕ. 1963ರಲ್ಲಿ ಹಬರ್ಡ್ ಈ ಪೈಪೋಟಿಯನ್ನು ಎರಡೇ ಪದಗಳ ಸಮೀಕರಣಕ್ಕೆ ಇಳಿಸಿದ. ಅದಕ್ಕೆ ಇವತ್ತಿಗೂ ಪೂರ್ಣ ಪರಿಹಾರ ದೊರೆತಿರುವುದು ಒಂದು ಆಯಾಮದಲ್ಲಿ ಮಾತ್ರ. ಹರಳಿನ ಭೌತವಿಜ್ಞಾನದ ನಿಜವಾದ ಗಟ್ಟಿತನ ಇರುವುದು ಈ ಹಟಮಾರಿ ಆಕ್ಸೈಡುಗಳಲ್ಲಿಯೇ, ಬೆಂಗಳೂರಿನ ಕೊಡುಗೆ ದೊಡ್ಡದಾಗಿರುವುದೂ ಇಲ್ಲಿಯೇ.

ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಅತಿವಾಹಕತೆಯ ದಾರಿ ಮೊದಲು ಬೇರೆಯೇ ಇತ್ತು. ಅದಕ್ಕೆ ಬೇಕಾದದ್ದು ಕಡುಚಳಿ, ಕಡುಚಳಿಗೆ ಬೇಕಾದದ್ದು ಒಳ್ಳೆಯ ನಿರ್ವಾತ ಮತ್ತು ಶುದ್ಧ ಹೀಲಿಯಂ. ತೆಂಗಿನ ಚಿಪ್ಪಿನ ಇದ್ದಿಲನ್ನು ದ್ರವಗಾಳಿಯಲ್ಲಿ ತಣಿಸಿದರೆ ಅದು ಅನಿಲಗಳನ್ನು ಹೇರಳವಾಗಿ ಹೀರಿಕೊಳ್ಳುತ್ತದೆಂದು 20ನೇ ಶತಮಾನದ ಆರಂಭದಲ್ಲಿ ಜೇಮ್ಸ್ ಡ್ಯೂಅರ್ ಕಂಡುಕೊಂಡ. ಚಿಪ್ಪಿನ ಇದ್ದಿಲಿನ ರಂಧ್ರಗಳು ಅತಿ ಸಣ್ಣವು, ಅನಿಲದ ಅಣುಗಳು ಅವುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತಿಪಟೂರು, ತುರುವೇಕೆರೆ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಒಡೆದು ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವುದು ಇಂಥದೇ ಚಿಪ್ಪು. ಅದರಿಂದಾಗುವ ಸಕ್ರಿಯ ಇಂಗಾಲದ ಬಗೆಯನ್ನು ಕಡುಚಳಿಯ ಪಂಪುಗಳಲ್ಲಿ ಈಗಲೂ ಬಳಸುತ್ತಾರೆ.

1908ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಹೀಲಿಯಮ್ಮನ್ನು ದ್ರವವಾಗಿಸಿದ. 1911ರಲ್ಲಿ ಸುಮಾರು 4.2 ಕೆಲ್ವಿನ್‌ನಲ್ಲಿ ಪಾದರಸದ ರೋಧ ಥಟ್ಟನೆ ಮಾಯವಾಯಿತು. ಅತಿವಾಹಕ ಕಾಂತಕ್ಷೇತ್ರವನ್ನೂ ಹೊರಗಟ್ಟುತ್ತದೆಂದು 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ತೋರಿಸಿದರು. ಕಾರಣ ತಿಳಿಯಲು 1957ರವರೆಗೆ ಕಾಯಬೇಕಾಯಿತು. ಆ ವರ್ಷ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಕೊಟ್ಟ ವಿವರಣೆ ಹೀಗಿದೆ: ಎಲೆಕ್ಟ್ರಾನು ಸಾಗುವಾಗ ಧನ ಅಯಾನುಗಳು ಅದರತ್ತ ಕೊಂಚ ವಾಲುತ್ತವೆ, ಅವು ನಿಧಾನವಾಗಿ ಮರಳುವಷ್ಟರಲ್ಲಿ ಮತ್ತೊಂದು ಎಲೆಕ್ಟ್ರಾನು ಅಲ್ಲಿಗೆ ಸೆಳೆಯಲ್ಪಡುತ್ತದೆ. ಹೀಗೆ ಉಂಟಾದ ಜೋಡಿಗಳೆಲ್ಲ ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಸಾಗುವುದರಿಂದ ಒಂದನ್ನು ಮಾತ್ರ ಚದುರಿಸಲು ಆಗುವುದಿಲ್ಲ.

ಈ ನಡುವೆ, ಸಾಲು ತೀರಾ ಕೆಟ್ಟ ಹರಳಿನಲ್ಲಿ ಎಲೆಕ್ಟ್ರಾನಿನ ಅಲೆ ಒಂದೆಡೆ ಸೆರೆಯಾಗಬಲ್ಲದೆಂದು 1958ರಲ್ಲಿ ಆಂಡರ್ಸನ್ ಹೇಳಿದ್ದ. 1979ರಲ್ಲಿ ಆತನೂ ಅಬ್ರಹಾಮ್ಸ್, ಲಿಚಿಯಾರ್ಡೆಲ್ಲೊ ಮತ್ತು ಟಿ. ವಿ. ರಾಮಕೃಷ್ಣನ್ ಅವರೂ ಸೇರಿ, ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಬದಿಗಿಟ್ಟರೆ, ತೆಳುಹಾಳೆಯಲ್ಲಿ ಅಲ್ಪ ಏರುಪೇರೂ ಈ ಸೆರೆಗೆ ಸಾಕೆಂದು ವಾದಿಸಿದರು. ರಾಮಕೃಷ್ಣನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕ್ಷೇತ್ರಕ್ಕೆ ಭದ್ರ ನೆಲೆ ಕಟ್ಟಿದರು.

ಬೆಂಗಳೂರಿನಲ್ಲೇ ಹುಟ್ಟಿದ ಸಿ. ಎನ್. ಆರ್. ರಾವ್ ಆಕ್ಸೈಡುಗಳ ಬೆನ್ನು ಹತ್ತಿದ್ದು ಅವುಗಳಿಗೆ ಬೆಲೆಯಿಲ್ಲದ ಕಾಲದಲ್ಲಿ. ಕಾನ್ಪುರದಲ್ಲಿದ್ದಾಗ, 1973ರಷ್ಟು ಹಿಂದೆಯೇ, ಗಂಗೂಲಿ ಅವರೊಂದಿಗೆ ಲ್ಯಾಂಥನಂ ತಾಮ್ರ ಆಕ್ಸೈಡಿನಂಥ ಪದರ ಹರಳುಗಳ ವಾಹಕತೆಯನ್ನು ಅಳೆದಿದ್ದರು. 1976ರಲ್ಲಿ ವಿಜ್ಞಾನ ಸಂಸ್ಥೆಗೆ ಮರಳಿ ಘನಸ್ಥಿತಿ ರಸಾಯನ ವಿಭಾಗ ಕಟ್ಟಿದರು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್ ಬೇರಿಯಂ ಬೆರೆಸಿದ ಅದೇ ಕುಟುಂಬದ ವಸ್ತುವಿನಲ್ಲಿ 30 ಕೆಲ್ವಿನ್‌ಗೂ ಮೇಲೆ ಅತಿವಾಹಕತೆ ಕಂಡಾಗ, ಕೆಲಸಕ್ಕೆ ಬೇಕಾದ ಕೈಗಳು ಬೆಂಗಳೂರಿನಲ್ಲಿ ಸಿದ್ಧವಿದ್ದವು. 1987ರಲ್ಲಿ ಚು ಮತ್ತು ವು ತಂಡಗಳು ಇಟ್ರಿಯಂ ಮಿಶ್ರಣದಲ್ಲಿ 93 ಕೆಲ್ವಿನ್ ಮುಟ್ಟಿದವು. ಅದರೊಳಗೆ ಯಾವ ಹರಳು ಕಾರಣವೆಂದು ಕೆಲವೇ ವಾರಗಳಲ್ಲಿ ಗುರುತಿಸಿದ ತಂಡಗಳಲ್ಲಿ ರಾವ್ ಅವರದೂ ಒಂದು: ಇಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು. ಪುಡಿಗಳನ್ನು ಅರೆದು, 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಟ್ಟು, ಆಮ್ಲಜನಕದಲ್ಲಿ ನಿಧಾನವಾಗಿ ತಣಿಸಿದರೆ ಕಪ್ಪು ಬಿಲ್ಲೆ ಸಿಗುತ್ತದೆ. ಸೂತ್ರದಲ್ಲಿ ಆಮ್ಲಜನಕ ಆರಿದ್ದರೆ ಅವಾಹಕ, ಏಳರ ಹತ್ತಿರವಿದ್ದರೆ ಅತಿವಾಹಕ. 77 ಕೆಲ್ವಿನ್‌ನ ದ್ರವ ಸಾರಜನಕವೇ ಸಾಕಾದ್ದರಿಂದ ದುಬಾರಿ ಹೀಲಿಯಂ ಇಲ್ಲದ ಪ್ರಯೋಗಾಲಯಗಳಿಗೂ ಬಾಗಿಲು ತೆರೆಯಿತು. ಅದೇ ವರ್ಷ ಜಿ. ಭಾಸ್ಕರನ್, ಝೌ ಮತ್ತು ಆಂಡರ್ಸನ್ ಸೇರಿ, ಮಾಟ್ ಅವಾಹಕದ ವಿಕರ್ಷಣೆಯಿಂದಲೇ ಜೋಡಿಗಳು ಹುಟ್ಟುತ್ತವೆಂಬ ಸಿದ್ಧಾಂತ ಮಂಡಿಸಿದರು.

ಮ್ಯಾಂಗನೀಸಿನ ಸರದಿ ಬಂದದ್ದು 1990ರ ದಶಕದಲ್ಲಿ. ಲ್ಯಾಂಥನಂ ಮ್ಯಾಂಗನೀಸ್ ಆಕ್ಸೈಡಿನಲ್ಲಿ ಲ್ಯಾಂಥನಮ್ಮಿನ ಒಂದು ಪಾಲನ್ನು ಕ್ಯಾಲ್ಸಿಯಮ್ಮಿನಿಂದ ಬದಲಿಸಿದರೆ ಅವಾಹಕ ಲೋಹವಾಗುತ್ತದೆ, ಕಾಂತವೂ ಆಗುತ್ತದೆ. ನೆರೆಯ ಅಯಾನುಗಳ ಕಾಂತತೆ ಒಂದೇ ದಿಕ್ಕಿಗಿದ್ದಾಗ ಎಲೆಕ್ಟ್ರಾನು ಸುಲಭವಾಗಿ ಜಿಗಿಯುತ್ತದೆಂದು 1951ರಲ್ಲೇ ಝೀನರ್ ವಿವರಿಸಿದ್ದ. ಕಾಂತಕ್ಷೇತ್ರ ಹಾಯಿಸಿದಾಗ ಇಂಥ ಪದರಗಳ ರೋಧ ಸಾವಿರಪಟ್ಟು ಇಳಿಯುವುದು 1994ರಲ್ಲಿ ಕಂಡಿತು. ಅಷ್ಟು ದೊಡ್ಡ ಇಳಿತಕ್ಕೆ ಝೀನರ್ ವಿವರಣೆ ಸಾಲಲಿಲ್ಲ. 2004ರಲ್ಲಿ ರಾಮಕೃಷ್ಣನ್, ಎಚ್. ಆರ್. ಕೃಷ್ಣಮೂರ್ತಿ ಮತ್ತು ಸಂಗಡಿಗರು, ಈ ಹರಳಿನಲ್ಲಿ ಎಲೆಕ್ಟ್ರಾನು ಸುತ್ತಲಿನ ಅಯಾನುಗಳನ್ನು ವಿರೂಪಗೊಳಿಸಿ ಅಲ್ಲೇ ಸಿಕ್ಕಿಬೀಳುವ ಸ್ಥಿತಿ, ಹಗುರವಾಗಿ ಓಡಾಡುವ ಸ್ಥಿತಿ ಎರಡೂ ಒಟ್ಟಿಗೆ ಇರುತ್ತವೆಂದು ಲೆಕ್ಕ ಕಟ್ಟಿದರು. ಕಾಂತಕ್ಷೇತ್ರ ಎರಡನೆಯದರ ಕಡೆಗೆ ತಕ್ಕಡಿ ವಾಲಿಸುತ್ತದೆ.

ಮತ್ತೆ ಅತಿವಾಹಕತೆಗೆ ಬಂದರೆ, ಸಾಮಾನ್ಯ ಒತ್ತಡದಲ್ಲಿ ಪಾದರಸವುಳ್ಳ ತಾಮ್ರ ಆಕ್ಸೈಡ್ 1993ರಲ್ಲಿ 130 ಕೆಲ್ವಿನ್ ದಾಟಿತು. 2015ರಲ್ಲಿ ಭಾರಿ ಒತ್ತಡದಲ್ಲಿಟ್ಟ ಗಂಧಕದ ಹೈಡ್ರೈಡ್ 203 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಹೈಡ್ರೈಡಿನಲ್ಲಿ ಜೋಡಿ ಕಟ್ಟುವುದು 1957ರ ಸಿದ್ಧಾಂತ ಹೇಳುವ ಅಯಾನುಗಳ ಕಂಪನವೇ ಎಂಬುದು ಬಹುಮಟ್ಟಿಗೆ ಒಪ್ಪಿತವಾಗಿದೆ. ತಾಮ್ರ ಆಕ್ಸೈಡುಗಳಲ್ಲಿ ಆ ಕೆಲಸ ಮಾಡುವುದು ಯಾವುದೆಂಬ ಬಗ್ಗೆ ಮಾತ್ರ ಇನ್ನೂ ಒಮ್ಮತ ಮೂಡಿಲ್ಲ.