ಮೈಹರಿನ ಅನಾಥ ಮಕ್ಕಳ ವಾದ್ಯವೃಂದ

ಆಗಸ್ಟ್ ಹದಿನೈದರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಡ್ರಮ್ಮು ಬಾರಿಸುವ ಹುಡುಗರನ್ನು ನೋಡಿ ಹೊಟ್ಟೆಕಿಚ್ಚು ಪಡದ ಮಕ್ಕಳಿಲ್ಲ. ಉರ್ದು ಪ್ರಾಥಮಿಕ ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬಂದ ನಮಗೂ ಹಾಗೇ ಆಗಿತ್ತು. ಹೆಸರು ಕೊಡಬೇಕೆಂದು ಮನೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, 'ಬಾಜಾ ಬಜಂತ್ರಿ ನಮ್ಮವರಿಗೆ ಹೇಳಿಸಿದ್ದಲ್ಲ' ಎಂದು ಬಾಯಿ ಮುಚ್ಚಿಸಿದರು. ಅದೇ ವಾರ ನಮ್ಮ ಓಣಿಯ ಮದುವೆಯೊಂದರಲ್ಲಿ ಕೆಂಪು ಕೋಟು ತೊಟ್ಟು ಕ್ಲಾರಿನೆಟ್ ಊದುತ್ತಿದ್ದವರು ನಮ್ಮವರೇ ಆಗಿದ್ದರು. ಈ ವಿಚಿತ್ರ ಆಗ ನಮಗೆ ಅರ್ಥವಾಗಲಿಲ್ಲ. ಊದಿ ಹೊಟ್ಟೆ ಹೊರೆಯಬಹುದು, ಕಲಿತು ಗೌರವ ಪಡೆಯಬಾರದು ಎಂಬ ಈ ನಿಯಮವನ್ನು ಯಾರು ಮಾಡಿದರು?

ಇತಿಹಾಸವಂತೂ ಬೇರೆಯೇ ಮಾತು ಹೇಳುತ್ತದೆ. ಈ ದೇಶದಲ್ಲಿ ಸಂಗೀತವನ್ನು ಮನೆತನದ ಗುಟ್ಟಿನಿಂದ ಬಿಡಿಸಿ ಶಾಲೆಯ ಬೆಂಚಿಗೆ ತಂದವರಲ್ಲಿ ಮೊದಲ ಸಾಲಿನವರು ಮೌಲಾಬಕ್ಷ್. 1833ರಲ್ಲಿ ಹುಟ್ಟಿದ ಇವರು ಅಲೆದಾಡುತ್ತ ಮೈಸೂರಿಗೂ ಬಂದರು. ಉತ್ತರದ ಗಾಯಕರಾಗಿದ್ದವರು ಇಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು, ಅರಮನೆಯ ಮನ್ನಣೆ ಪಡೆದರು. ಅವರ ಪತ್ನಿ ಟಿಪ್ಪು ಸುಲ್ತಾನರ ವಂಶದವರೆಂದು ಆ ಕುಟುಂಬ ಹೇಳಿಕೊಂಡು ಬಂದಿದೆ. ಕರ್ನಾಟಕ ಪದ್ಧತಿಯಲ್ಲಿದ್ದ ಶಿಸ್ತು ಅವರನ್ನು ಬಹುವಾಗಿ ಸೆಳೆಯಿತು. ಮುಂದೆ ಬರೋಡದ ಸಯ್ಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ 'ಗಾಯನ ಶಾಲೆ' ತೆರೆದರು. ತಮ್ಮದೇ ಸ್ವರಲಿಪಿ ರೂಪಿಸಿ ಮಕ್ಕಳಿಗಾಗಿ ಪಠ್ಯಗಳನ್ನು ಬರೆದರು. ಘರಾಣೆಯ ಉಸ್ತಾದರು ಒಂದು ಚೀಜನ್ನು ಮಗನಿಗೆ ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಊರಿನ ಸಾಮಾನ್ಯರ ಮಕ್ಕಳ ಮುಂದೆ ಅದನ್ನು ಅಕ್ಷರದಲ್ಲಿ ಬಿಚ್ಚಿಟ್ಟದ್ದು ಸಣ್ಣ ಧೈರ್ಯವಲ್ಲ. ಸೂಫಿ ಚಿಂತಕ ಹಜ್ರತ್ ಇನಾಯತ್ ಖಾನ್ ಇವರ ಮೊಮ್ಮಗ. 1910ರಲ್ಲಿ ವೀಣೆ ಹಿಡಿದು ಅಮೆರಿಕಕ್ಕೆ ಹೊರಟ ಆ ಯುವಕ ಕಲಿತದ್ದೂ ಕಲಿಸಿದ್ದೂ ಅಜ್ಜನ ಶಾಲೆಯಲ್ಲೇ. ಆ ಶಾಲೆ ಇಂದು ಬರೋಡದ ಸಯ್ಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವಾಗಿ ಉಳಿದಿದೆ.

ಮೌಲಾಬಕ್ಷರ ಶಾಲೆಗೆ ಬಂದವರು ಮನೆಮಠ ಇದ್ದ ಮಕ್ಕಳು. ಏನೂ ಇಲ್ಲದವರ ಕೈಗೆ ವಾದ್ಯ ಕೊಟ್ಟವರು ಬಾಬಾ ಅಲ್ಲಾವುದ್ದೀನ್ ಖಾನ್. ಇಂದಿನ ಬಾಂಗ್ಲಾದೇಶದ ಬ್ರಾಹ್ಮಣಬಾರಿಯಾ ಸೀಮೆಯ ಶಿಬಪುರ ಹಳ್ಳಿಯವರು. ಸಂಗೀತದ ಹುಚ್ಚಿಗೆ ಬಾಲ್ಯದಲ್ಲೇ ಮನೆಬಿಟ್ಟು ಓಡಿದವರು. ಕಲ್ಕತ್ತೆಯಲ್ಲಿ ಅವರು ಕಲಿತ ವಾದ್ಯಗಳ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ: ಕ್ಲಾರಿನೆಟ್, ಕಾರ್ನೆಟ್, ಶಹನಾಯಿ, ಪಿಟೀಲು, ತಬಲ. ಸ್ವಾಮಿ ವಿವೇಕಾನಂದರ ಬಂಧು ಹಾಬು ದತ್ತ ಅವರಿಗೆ ವಾದ್ಯಮೇಳದ ರುಚಿ ಹತ್ತಿಸಿದರು. ಗೋವಾದ ಲೋಬೋ ಎಂಬ ಬ್ಯಾಂಡ್ ಮಾಸ್ತರರು ಪಾಶ್ಚಾತ್ಯ ರೀತಿಯ ಪಿಟೀಲು ಹೇಳಿಕೊಟ್ಟರು. ರಾಮಪುರದ ವಜೀರ್ ಖಾನರು ತಾನ್‌ಸೇನನ ಪರಂಪರೆಯ ಬಾಗಿಲು ತೆರೆದರು. ಹಿಂದೂ, ಕ್ರೈಸ್ತ, ಮುಸ್ಲಿಂ ಗುರುಗಳು ಮೂವರೂ ಒಬ್ಬ ಶಿಷ್ಯನಲ್ಲಿ ಸೇರಿದ್ದರು.

1918ರ ಹೊತ್ತಿಗೆ ಅವರು ಮೈಹರ್ ಎಂಬ ಪುಟ್ಟ ಸಂಸ್ಥಾನದ ರಾಜ ಬ್ರಿಜನಾಥ ಸಿಂಗರ ಗುರುವಾಗಿದ್ದರು. ಇಂದಿನ ಮಧ್ಯಪ್ರದೇಶದಲ್ಲಿದೆ ಆ ಊರು. ಆ ವರ್ಷ ಇನ್‌ಫ್ಲುಯೆಂಜಾ ಮಾರಿ ದೇಶವನ್ನೆಲ್ಲ ಕೊರೆದು ತಿಂದಿತು. ನಮ್ಮ ಅಜ್ಜಿಯರು ಊರು ಬಿಟ್ಟು ಗುಡಿಸಲು ಹಾಕಿಕೊಂಡ ಕತೆ ಹೇಳುತ್ತಿದ್ದುದು ಇಂಥ ಮಾರಿಗಳ ಕಾಲದ್ದೇ. ಮೈಹರಿನ ಬೀದಿಗಳಲ್ಲಿ ತಂದೆತಾಯಿ ಸತ್ತ ಮಕ್ಕಳು ಉಳಿದವು. ಆ ಮಕ್ಕಳನ್ನು ಕೂಡಿಸಿ ಬಾಬಾ ವಾದ್ಯ ಕೊಟ್ಟರು. ಸಿತಾರ್, ಇಸ್ರಾಜ್, ಪಿಟೀಲು, ಚೆಲ್ಲೋ, ಹಾರ್ಮೋನಿಯಂ, ತಬಲ ಎಲ್ಲವೂ ಒಂದೇ ಜಮಖಾನೆಯ ಮೇಲೆ ಕುಳಿತವು. ಇದೇ 'ಮೈಹರ್ ಬ್ಯಾಂಡ್'.

ಆ ಮೇಳದಲ್ಲಿ ಬೇರೆಲ್ಲೂ ಕಾಣದ ವಾದ್ಯವೊಂದಿತ್ತು. ಬಂದೂಕಿನ ಕಬ್ಬಿಣದ ನಳಿಗೆಗಳನ್ನು ಬೇರೆಬೇರೆ ಅಳತೆಗೆ ಕತ್ತರಿಸಿ, ಸಾಲಾಗಿ ಜೋಡಿಸಿ, ಕೋಲಿನಿಂದ ಬಾರಿಸುವ 'ನಲ್ ತರಂಗ್'. ನಳಿಗೆ ಉದ್ದವಾದರೆ ಸ್ವರ ಕೆಳಗೆ, ಗಿಡ್ಡವಾದರೆ ಮೇಲೆ. ಇಷ್ಟು ಸರಳ ಲೆಕ್ಕ. ಸಂಸ್ಥಾನದ ಆಯುಧ ಮಕ್ಕಳ ಕೈಯಲ್ಲಿ ಸಂಗೀತವಾಯಿತು.

ಒಬ್ಬಂಟಿಯಾಗಿ ರಾಗ ಬೆಳೆಸುವುದೇ ದೊಡ್ಡದೆಂದು ನಂಬಿದ್ದ ಪರಂಪರೆಯಲ್ಲಿ ಹತ್ತಾರು ಜನ ಒಂದೇ ಬಂದಿಶನ್ನು ಕೂಡಿ ನುಡಿಸಬೇಕು. ಪಕ್ಕದವನಿಗೆ ಕಿವಿಗೊಡದೆ ಇದು ಸಾಧ್ಯವಿಲ್ಲ. ಶಾಲೆಯ ವಾದ್ಯವೃಂದದ ಮೊದಲ ಪಾಠವೂ ಇದೇ: ನಿನ್ನ ಸರದಿ ಬರುವತನಕ ಸುಮ್ಮನಿರು, ಬಂದಾಗ ತಪ್ಪಿಸಬೇಡ. ಬಾಬಾ ಮಹಾ ಮುಂಗೋಪಿ. 1938ರಲ್ಲಿ ಶಿಷ್ಯನಾಗಿ ಬಂದ ರವಿಶಂಕರ್ ಒಮ್ಮೆ ಬೈಗುಳ ತಿಂದು ಗಂಟು ಕಟ್ಟಿ ಹೊರಟೇಬಿಟ್ಟಿದ್ದರು. ಆ ಸಿಟ್ಟನ್ನು ನಾವು ಹೊಗಳಲಾರೆವು. ಹೆದರಿ ಕಲಿತ ಮಗುವಿನ ನೋವು ನಮಗೂ ಗೊತ್ತು. ಆದರೆ ಮಗ ಅಲಿ ಅಕ್ಬರ್ ಖಾನ್, ಮಗಳು ಅನ್ನಪೂರ್ಣಾದೇವಿ, ಕೊಳಲಿನ ಪನ್ನಾಲಾಲ್ ಘೋಷ್, ಸಿತಾರಿನ ನಿಖಿಲ್ ಬ್ಯಾನರ್ಜಿ ಎಲ್ಲರೂ ಆ ಅಂಗಳದಿಂದಲೇ ಎದ್ದುಬಂದವರು ಎಂಬುದನ್ನು ಮರೆಯುವಂತಿಲ್ಲ.

ಬಾಬಾ ಐದು ಹೊತ್ತಿನ ನಮಾಜು ಬಿಟ್ಟವರಲ್ಲ. ಮೈಹರಿನ ಬೆಟ್ಟದ ಶಾರದೆಗೂ ಕೈಮುಗಿಯುತ್ತಿದ್ದರು. ಅವರ ಮನೆಯ ಹೆಸರು 'ಮದೀನಾ ಭವನ'. ಇದರಲ್ಲಿ ಅವರಿಗೆ ಯಾವ ಇಕ್ಕಟ್ಟೂ ಕಂಡಿರಲಿಲ್ಲ. 1971ರಲ್ಲಿ ಪದ್ಮವಿಭೂಷಣ ಪಡೆದ ಅವರು 1972ರ ಸೆಪ್ಟೆಂಬರಿನಲ್ಲಿ ಮೈಹರಿನಲ್ಲೇ ತೀರಿಕೊಂಡರು.

ಇಕ್ಕಟ್ಟು ಕಂಡದ್ದು ನಂತರದವರಿಗೆ. 2016ರ ಜನವರಿಯಲ್ಲಿ ಬ್ರಾಹ್ಮಣಬಾರಿಯಾದಲ್ಲಿ ಮದರಸಾ ವಿದ್ಯಾರ್ಥಿಯೊಬ್ಬ ಘರ್ಷಣೆಯಲ್ಲಿ ಸತ್ತ. ಸಿಟ್ಟಿಗೆದ್ದ ಗುಂಪು ಬಾಬಾ ಹೆಸರಿನ ಸಂಗೀತ ಶಾಲೆಗೆ ನುಗ್ಗಿ ವಾದ್ಯಗಳನ್ನೂ ಅವರ ನೆನಪಿನ ವಸ್ತುಗಳನ್ನೂ ಸುಟ್ಟಿತು. 2021ರ ಮಾರ್ಚಿನ ಗಲಭೆಯಲ್ಲಿ ಅದೇ ಶಾಲೆಗೆ ಮತ್ತೆ ಬೆಂಕಿ ಬಿತ್ತು. ಹುಡುಗನ ಸಾವಿಗೆ ನ್ಯಾಯ ಬೇಕಾಗಿತ್ತು, ನಿಜ. ಆದರೆ ಆ ಸಾವಿಗೂ ಒಂದು ಸರೋದಿಗೂ ಏನು ಸಂಬಂಧ? ಬಾಬಾ ನಳಿಗೆಯನ್ನು ವಾದ್ಯ ಮಾಡಿದ್ದರು. ಅವರ ಹುಟ್ಟೂರ ಸೀಮೆಯ ಹುಡುಗರು ವಾದ್ಯವನ್ನು ಬೂದಿ ಮಾಡಿದರು.

ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇಂದು ನಿನ್ನೆಯದಲ್ಲ. ಇಮಾಮ್ ಗಜಾಲಿಯವರೇ ಈ ವಿಷಯಕ್ಕೆ ಒಂದು ಇಡೀ ಅಧ್ಯಾಯ ಮೀಸಲಿಟ್ಟಿದ್ದಾರೆ. ಬೇಡವೆನ್ನುವವರ ನಂಬಿಕೆಯನ್ನು ನಾವು ಹಳಿಯುವುದಿಲ್ಲ. ಆದರೆ ಅದೊಂದೇ ಮುಸ್ಲಿಮರ ದನಿ ಎಂದು ಮಕ್ಕಳಿಗೆ ಹೇಳುವುದು ಇತಿಹಾಸಕ್ಕೆ ಮಾಡುವ ಮೋಸ. ಹಾಗೆಯೇ ಶಾಸ್ತ್ರೀಯ ಸಂಗೀತ ನಿಮ್ಮದಲ್ಲ ಎಂದು ಹೊರಗಿನಿಂದ ಹೇಳುವವರೂ ಅದೇ ಮೋಸ ಮಾಡುತ್ತಿದ್ದಾರೆ. ಸಿತಾರ್ ರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ ಆ ವಾದ್ಯವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದ್ದು, ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನುಡಿಸಿದ್ದು ನಮ್ಮ ಕಣ್ಣೆದುರಿನ ಸಂಗತಿ.

ನಮ್ಮ ಓಣಿಯ ಬ್ಯಾಂಡಿನವರ ಮಕ್ಕಳು ಈಗಲೂ ಶಾಲೆಗೆ ಹೋಗುತ್ತಾರೆ. ಅಪ್ಪನ ಕ್ಲಾರಿನೆಟ್ ಹಿಡಿಯುವ ಕಲೆ ಅವರ ಬೆರಳಲ್ಲಿದೆ. ಶಾಲೆಯಲ್ಲಿ ಅದಕ್ಕೆ ಹೆಸರಿಲ್ಲ, ಅಂಕವಿಲ್ಲ. ಮನೆಯಲ್ಲಿ ಅದು ಮುಚ್ಚಿಡಬೇಕಾದ ವೃತ್ತಿ. ವಾರಕ್ಕೊಂದು ತಾಸು, ನಾಲ್ಕಾರು ವಾದ್ಯ, ಕಲಿಸಬಲ್ಲ ಒಬ್ಬರು ಮೇಷ್ಟ್ರು, ಇಷ್ಟಿದ್ದರೆ ಆ ಮಗು ತಲೆಯೆತ್ತಿ ನುಡಿಸಬಹುದು; ಪಕ್ಕದ ಬೆಂಚಿನ ಬೇರೆ ಓಣಿಯ ಮಗು ಅದರೊಡನೆ ತಾಳ ಹಾಕಬಹುದು. ಮಾರಿ ಬಂದು ಹೋದ ಊರಿನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿ ಇದನ್ನು ಮಾಡಿ ತೋರಿಸಿದ್ದರು ಬಾಬಾ. ನಮ್ಮಲ್ಲಿ ಮಕ್ಕಳೂ ಇದ್ದಾರೆ, ಶಾಲೆಯೂ ಇದೆ. ನಾವು ಕೊಡಬೇಕಾದದ್ದು ಅನುಮತಿ.