ಬಿಚ್ಚಿ ಕಟ್ಟುವ ವಾದ್ಯ

ಹಳೆಯ ವೀಣೆಯೊಂದನ್ನು ಕೊಳ್ಳಲು ಹೊರಟವರು ಮೊದಲು ಏನನ್ನು ನೋಡುತ್ತಾರೆ? ಕೊಡ ಬಿರುಕು ಬಿಟ್ಟಿದೆಯೇ, ದಂಡಿ ಬಾಗಿದೆಯೇ, ಮೇಣದ ಮೇಲೆ ಕೂತ ಮೆಟ್ಟಿಲುಗಳು ತಮ್ಮ ಸ್ಥಾನದಲ್ಲಿವೆಯೇ ಎಂಬುದನ್ನು. ವಾದ್ಯದ ನಾದ ಅದರ ಮರದಲ್ಲಿಯೇ ಇದೆ. ಮರ ಕೆಟ್ಟರೆ ವೀಣೆಯೇ ಕೆಟ್ಟಂತೆ.

ವಿದ್ಯುತ್ ಗಿಟಾರಿನ ವಿಷಯ ಹೀಗಲ್ಲ. ಅದು ಅರ್ಧ ತಂತಿವಾದ್ಯ, ಇನ್ನರ್ಧ ವಿದ್ಯುತ್ ಉಪಕರಣ. ಕಡಿಮೆ ಹಣದಲ್ಲಿ ಯಾರೋ ಬಳಸಿದ ಗಿಟಾರನ್ನು ಕೊಳ್ಳುವ ವಿದ್ಯಾರ್ಥಿ ಹೆಚ್ಚಾಗಿ ಅದರ ಬಣ್ಣ ಮತ್ತು ಹೆಸರಿಗೆ ಮರುಳಾಗುತ್ತಾನೆ. ಅದರಲ್ಲಿ ಯಾವ ಭಾಗವನ್ನು ಮನೆಯಲ್ಲೇ ಸುಧಾರಿಸಬಹುದು, ಯಾವುದನ್ನು ಸುಧಾರಿಸಲು ಹೋದರೆ ಕೈಸುಡುತ್ತದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ಇದಕ್ಕೆ ಉತ್ತರ ಆ ವಾದ್ಯದ ಇತಿಹಾಸದಲ್ಲೇ ಇದೆ. ವಿದ್ಯುತ್ ಗಿಟಾರು ಬೆಳೆದದ್ದು ಕಾರ್ಖಾನೆಗಳಲ್ಲಿ ಮಾತ್ರವಲ್ಲ. ಹಳೆಯ ವಾದ್ಯಗಳನ್ನು ಬಿಚ್ಚಿ ಮತ್ತೆ ಕಟ್ಟಿದವರ ಕೈಗಳಲ್ಲಿ ಕೂಡ.

ಟೊಳ್ಳು ಪೆಟ್ಟಿಗೆಯಿಂದ ಗಟ್ಟಿ ಹಲಗೆಗೆ

1920ರ ದಶಕದಲ್ಲಿ ಅಮೆರಿಕದ ನೃತ್ಯವಾದ್ಯಗೋಷ್ಠಿಗಳಲ್ಲಿ ಕಹಳೆ, ಡ್ರಮ್‌ಗಳ ಅಬ್ಬರದ ನಡುವೆ ಗಿಟಾರಿನ ದನಿ ಕೇಳಿಸುತ್ತಲೇ ಇರಲಿಲ್ಲ. ಪರಿಹಾರಕ್ಕೆ ಬೇಕಾದ ತತ್ತ್ವ ಅಷ್ಟರಲ್ಲಿ ನೂರು ವರ್ಷ ಹಳೆಯದಾಗಿತ್ತು. ಸುರುಳಿಯೊಂದರ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದ.

ಲಾಸ್ ಏಂಜಲೀಸ್ ನಗರದ ಜಾರ್ಜ್ ಬೋಷಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಇದನ್ನು ಉಕ್ಕಿನ ತಂತಿಗೆ ಅನ್ವಯಿಸಿದರು. ತಂತಿಗಳ ಕೆಳಗೆ ತಾಮ್ರದ ಸುರುಳಿ, ಅದರ ಜೊತೆಗೆ ಲಾಳಾಕಾರದ ಎರಡು ಕಾಂತಗಳು. ಕಾಂತದಿಂದಾಗಿ ಉಕ್ಕಿನ ತಂತಿಯೂ ಕಾಂತತ್ವ ಪಡೆಯುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಅದೇ ಆವೃತ್ತಿಯಲ್ಲಿ ಏರಿಳಿಯುತ್ತದೆ. ಸುರುಳಿಯಲ್ಲಿ ಹುಟ್ಟಿದ ಅತ್ಯಲ್ಪ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳಿಸುತ್ತದೆ. ತಂತಿಯ ಕಂಪನವನ್ನು ಎತ್ತಿಕೊಳ್ಳುವ ಈ ಭಾಗಕ್ಕೆ ಪಿಕಪ್ ಎಂಬ ಹೆಸರು ನಿಂತಿತು. ನೈಲಾನ್ ತಂತಿಯನ್ನು ಇದರ ಮೇಲೆ ಎಷ್ಟು ಮೀಟಿದರೂ ಸದ್ದು ಬಾರದು.

1931ರಲ್ಲಿ ರೂಪುಗೊಂಡ ಇವರ ಗಿಟಾರಿಗೆ ಗುಂಡನೆಯ ಪುಟ್ಟ ಒಡಲು, ಉದ್ದನೆಯ ದಂಡಿ. ಜನ ಅದನ್ನು 'ಬಾಣಲೆ' ಎಂದೇ ಕರೆದರು. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆದರೆ ಇಡೀ ವಾದ್ಯ ಎರಕ ಹೊಯ್ದ ಅಲ್ಯೂಮಿನಿಯಮಿನದು. ವೇದಿಕೆಯ ದೀಪಗಳ ಬಿಸಿಗೆ ಲೋಹ ಹಿಗ್ಗಿ ಶ್ರುತಿ ತಪ್ಪುತ್ತಿತ್ತು.

1936ರಲ್ಲಿ ಗಿಬ್ಸನ್ ಕಂಪನಿ ಟೊಳ್ಳು ಪೆಟ್ಟಿಗೆಯ ಗಿಟಾರಿಗೇ ಪಿಕಪ್ ಕೂಡಿಸಿ ಮಾರಿತು. ಇಲ್ಲಿ ಇನ್ನೊಂದು ತೊಡಕು. ಧ್ವನಿವರ್ಧಕದ ಸದ್ದು ಪೆಟ್ಟಿಗೆಯನ್ನೇ ನಡುಗಿಸುತ್ತದೆ. ಪೆಟ್ಟಿಗೆ ತಂತಿಯನ್ನು ನಡುಗಿಸುತ್ತದೆ. ತಂತಿಯ ಸದ್ದು ಮತ್ತೆ ಧ್ವನಿವರ್ಧಕಕ್ಕೆ ಹೋಗುತ್ತದೆ. ಈ ಸುತ್ತು ಬೆಳೆದು ಕಿವಿ ಗಡಚಿಕ್ಕುವ ಊಳಾಗುತ್ತದೆ. ಸಭೆಗಳಲ್ಲಿ ಮೈಕು ಕಿರುಚುವುದನ್ನು ಕೇಳಿದವರಿಗೆ ಇದು ಹೊಸದಲ್ಲ.

ವಾದಕ ಲೆಸ್ ಪಾಲ್ 1940ರ ಸುಮಾರಿಗೆ ಇದಕ್ಕೊಂದು ಒರಟು ಪರಿಹಾರ ಹುಡುಕಿದರು. ಪೈನ್ ಮರದ ಚೌಕ ದಿಮ್ಮಿಗೆ ದಂಡಿ, ತಂತಿ, ಪಿಕಪ್‌ಗಳನ್ನು ಜೋಡಿಸಿದರು. ನೋಡುವವರಿಗೆ ಗಿಟಾರೆನಿಸಲಿ ಎಂದು ಸೀಳಿದ ಗಿಟಾರೊಂದರ ಎರಡು ಹೋಳುಗಳನ್ನು ಅದರ ಎರಡು ಬದಿಗೆ ಅಂಟಿಸಿದರು. ಗಟ್ಟಿ ಒಡಲಿನ ಗಿಟಾರಿನ ಚರಿತ್ರೆಯ ಆರಂಭದಲ್ಲೇ ಹೀಗೆ ಗರಗಸಕ್ಕೆ ಸಿಕ್ಕ ವಾದ್ಯವೊಂದು ನಿಂತಿದೆ.

ರೇಡಿಯೊ ರಿಪೇರಿಯವರ ಗಿಟಾರು

ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಕೆಟ್ಟ ಯಂತ್ರ ರಿಪೇರಿಗೆ ಬಂದಾಗ ಯಾವುದು ಸುಲಭವಾಗಿ ಬಿಚ್ಚುತ್ತದೆ, ಯಾವುದು ಬಿಚ್ಚುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. 1950ರಲ್ಲಿ ಅವರ ಕಂಪನಿ ಹೊರತಂದ ಗಿಟಾರು 1951ರಿಂದ 'ಟೆಲಿಕಾಸ್ಟರ್' ಎಂದು ಹೆಸರಾಯಿತು. ಮರದ ಗಟ್ಟಿ ಹಲಗೆಯ ಒಡಲು. ಅದಕ್ಕೆ ದಂಡಿಯನ್ನು ಅಂಟು ಹಾಕಿ ಕೂಡಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಸವೆದ ದಂಡಿಯನ್ನು ಬಿಚ್ಚಿ ಹೊಸದನ್ನು ಹಾಕಬಹುದಿತ್ತು. 1954ರಲ್ಲಿ ಬಂದ 'ಸ್ಟ್ರಾಟೊಕಾಸ್ಟರ್' ಗಿಟಾರಿನಲ್ಲಿ ಮೂರು ಪಿಕಪ್‌ಗಳೂ ಸ್ವಿಚ್ಚೂ ಒಂದೇ ಪ್ಲಾಸ್ಟಿಕ್ ತಟ್ಟೆಗೆ ಜೋಡಣೆಯಾಗಿದ್ದವು. ತಟ್ಟೆಯ ತಿರುಪುಗಳನ್ನು ತೆಗೆದರೆ ವಿದ್ಯುತ್ ಭಾಗವೆಲ್ಲ ಕಣ್ಣೆದುರಿಗೆ.

ಆದರೆ ಈ ಒಂಟಿ ಸುರುಳಿಯ ಪಿಕಪ್‌ಗಳಿಗೆ ಒಂದು ಕುಂದು ಇತ್ತು. ಮನೆಯ ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರುಗಳ ಸುತ್ತಲೂ ಪರ್ಯಾಯ ಕಾಂತಕ್ಷೇತ್ರ ಇರುತ್ತದೆ. ಅಮೆರಿಕದಲ್ಲಿ ಅದರ ಆವೃತ್ತಿ 60 ಹರ್ಟ್ಸ್, ನಮ್ಮಲ್ಲಿ 50. ಸುರುಳಿ ಅದನ್ನೂ ಎತ್ತಿಕೊಂಡು ಗುಂಯ್ ಎನ್ನುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ ಸೊಗಸಾದ ಉಪಾಯ ಕಂಡುಕೊಂಡರು. ಅಕ್ಕಪಕ್ಕ ಎರಡು ಸುರುಳಿ. ಎರಡನೆಯದರ ಸುತ್ತೂ ತಿರುಗುಮುರುಗು, ಕಾಂತದ ಧ್ರುವವೂ ತಿರುಗುಮುರುಗು. ಹೊರಗಿನಿಂದ ಬಂದ ಗುಂಯ್ ಸದ್ದು ಎರಡು ಸುರುಳಿಗಳಲ್ಲಿ ವಿರುದ್ಧ ದಿಕ್ಕಿನಲ್ಲಿ ಹರಿದು ಪರಸ್ಪರ ರದ್ದಾಗುತ್ತದೆ. ತಂತಿಯ ಸಂಕೇತದಲ್ಲಿ ಸುತ್ತು, ಧ್ರುವ ಎರಡೂ ತಿರುಗಿರುವುದರಿಂದ ಅದು ಕೂಡಿಕೊಳ್ಳುತ್ತದೆ. 1955ರಲ್ಲಿ ಸಲ್ಲಿಸಿದ ಅರ್ಜಿಗೆ 1959ರಲ್ಲಿ ಪೇಟೆಂಟ್ ಸಿಕ್ಕಿತು. ಇದೇ 'ಹಂಬಕರ್'.

ಬಳಸಿದವರೇ ಬದಲಿಸಿದರು

ಸ್ಟ್ರಾಟೊಕಾಸ್ಟರಿನ ಸ್ವಿಚ್ಚಿಗೆ ಮೂರೇ ನೆಲೆ. ಒಂದು ಸಲಕ್ಕೆ ಒಂದೇ ಪಿಕಪ್. ಸ್ವಿಚ್ಚನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿದರೆ ಎರಡು ಪಿಕಪ್ ಕೂಡಿ ಹೊಸದೊಂದು ನಾದ ಹೊಮ್ಮುತ್ತದೆ ಎಂಬುದನ್ನು ಕಂಡುಕೊಂಡವರು ವಾದಕರು. ಕೆಲವರು ಐದು ನೆಲೆಯ ಸ್ವಿಚ್ಚನ್ನು ತಾವೇ ಕೂಡಿಸಿಕೊಂಡರು. ಕಂಪನಿ ಅದನ್ನು ಹೊಸ ಗಿಟಾರುಗಳಲ್ಲಿ ಅಳವಡಿಸಿದ್ದು 1977ರಲ್ಲಿ, ಅಂದರೆ 23 ವರ್ಷಗಳ ಬಳಿಕ!

ಇಂಗ್ಲೆಂಡಿನಲ್ಲಿ 1963ರಲ್ಲಿ ಬ್ರಯಾನ್ ಮೇ ಎಂಬ ಶಾಲಾ ಹುಡುಗನಿಗೆ ಅಮೆರಿಕದ ಗಿಟಾರು ಕೊಳ್ಳುವ ಶಕ್ತಿ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ತಂದೆಯ ಜೊತೆ ಸೇರಿ ಮನೆಯಲ್ಲೇ ಒಂದನ್ನು ಕಟ್ಟಲು ಆರಂಭಿಸಿದ. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಶ್ರುತಿ ಜಗ್ಗುವ ಸನ್ನೆಗೆ ಮೋಟಾರ್ ಸೈಕಲ್ಲಿನ ಕವಾಟದ ಸ್ಪ್ರಿಂಗ್. ಪಿಕಪ್‌ಗಳನ್ನು ಮಾತ್ರ ಕೊನೆಗೆ ಅಂಗಡಿಯಿಂದ ತಂದು, ಸುರುಳಿ ಅದುರದಂತೆ ಅವುಗಳೊಳಗೆ ಅಂಟು ತುಂಬಿದ. ಮುಂದೆ 'ಕ್ವೀನ್' ತಂಡದಲ್ಲಿ ಮೊಳಗಿದ್ದು ಇದೇ ಗಿಟಾರು. ಆ ಹುಡುಗ 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗ್ರಹಗಳ ನಡುವಿನ ಧೂಳಿನ ಕುರಿತ ಸಂಶೋಧನೆಗೆ ಖಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

1965ರಲ್ಲಿ ಫೆಂಡರ್ ಕಂಪನಿ 1.3 ಕೋಟಿ ಡಾಲರಿಗೆ ಸಿಬಿಎಸ್ ಸಂಸ್ಥೆಯ ಪಾಲಾಯಿತು. ಆಮೇಲಿನ ಗಿಟಾರುಗಳ ಗುಣಮಟ್ಟ ಇಳಿದಿದೆ ಎಂಬ ಮಾತು ವಾದಕರಲ್ಲಿ ಹಬ್ಬಿ, ಹಳೆಯವಕ್ಕೆ ಬೇಡಿಕೆ ಬಂತು. 1970ರಲ್ಲಿ ಎರಿಕ್ ಕ್ಲಾಪ್ಟನ್ ನ್ಯಾಶ್‌ವಿಲ್ ನಗರದ ಅಂಗಡಿಯೊಂದರಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಆರು ಹಳೆಯ ಸ್ಟ್ರಾಟೊಕಾಸ್ಟರುಗಳನ್ನು ಅಗ್ಗಕ್ಕೆ ಕೊಂಡರು. ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಗಿಟಾರು ಮಾಡಿಕೊಂಡರು. 'ಬ್ಲ್ಯಾಕಿ' ಎಂದು ಹೆಸರಾದ ಅದನ್ನು ಹದಿನೈದು ವರ್ಷದ ಹೊತ್ತಿಗೆ ಮೂಲೆಗಿಡಬೇಕಾಯಿತು. ಕಾರಣ ವಿದ್ಯುತ್ ಭಾಗದ್ದಲ್ಲ, ದಂಡಿ ಸವೆದಿತ್ತು. 2004ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 9,59,500 ಡಾಲರ್.

ಅದೇ 1970ರ ದಶಕದಲ್ಲಿ ಎಡ್ವರ್ಡ್ ವ್ಯಾನ್ ಹೇಲನ್, ಲೋಪವಿದ್ದುದರಿಂದ ಸುಮಾರು 50 ಡಾಲರಿಗೆ ಸಿಕ್ಕಿದ ಒಡಲಿಗೆ 80 ಡಾಲರಿನ ದಂಡಿ ಬಿಗಿದು, ತಮ್ಮ ಬೇರೊಂದು ಗಿಟಾರಿನಿಂದ ಕಿತ್ತ ಹಂಬಕರನ್ನು ಕೂಡಿಸಿದರು. ಪಿಕಪ್ ಕಿರುಚದಿರಲೆಂದು ಅದನ್ನು ಕರಗಿದ ಮೇಣದಲ್ಲಿ ಅದ್ದಿದರು. ಸುತ್ತುಗಳ ನಡುವೆ ಮೇಣ ಇಳಿದು ಗಟ್ಟಿಯಾದರೆ ಸುರುಳಿ ತಾನಾಗಿ ಅದುರಲಾರದು. ಬದಲಿ ಪಿಕಪ್‌ಗಳನ್ನೇ ತಯಾರಿಸುವ ಉದ್ಯಮವೂ ಇದೇ ದಶಕದಲ್ಲಿ ತಲೆಯೆತ್ತಿತು.

ಕೊಳ್ಳುವಾಗ ನೋಡಬೇಕಾದದ್ದು

ಈ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಸ್ವಿಚ್ಚು, ಪಿಕಪ್, ವೈರುಗಳನ್ನು ಬದಲಿಸುವುದು ಎಂದೂ ಸುಲಭ. ದಂಡಿ, ಮೆಟ್ಟಿಲುಗಳ ಕೆಲಸ ಎಂದೂ ಕಷ್ಟ. ಆದ್ದರಿಂದ ಹಳೆಯ ಗಿಟಾರಿನಲ್ಲಿ ಹಣ ಕೊಡಬೇಕಾದುದು ದಂಡಿಗೆ.

ಆರು ತಂತಿಗಳು ದಂಡಿಯನ್ನು ಸುಮಾರು 45 ಕಿಲೊಗ್ರಾಂ ತೂಕದಷ್ಟು ಬಲದಿಂದ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಅದನ್ನು ತಡೆಯಲು ದಂಡಿಯೊಳಗೆ ಉಕ್ಕಿನ ಸರಳು ಇರುತ್ತದೆ. ಮೊದಲ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಂದೇ ತಂತಿಯನ್ನು ಒಟ್ಟಿಗೆ ಒತ್ತಿಹಿಡಿದು ನಡುವೆ ನೋಡಿ. ಬಿಗಿದ ತಂತಿಯೇ ಇಲ್ಲಿ ಅಳತೆಪಟ್ಟಿ. ಕೂದಲೆಳೆಯಷ್ಟು ಅಂತರವಿದ್ದರೆ ಸರಿ. ಹೆಚ್ಚಿದ್ದರೆ ಸರಳಿನ ತಿರುಪು ತಿರುಗುತ್ತದೆಯೇ ಎಂದು ಕೇಳಿ. ಅದು ಸವೆದುಹೋಗಿದ್ದರೆ ಗಿಟಾರನ್ನು ಅಲ್ಲಿಯೇ ಬಿಟ್ಟುಬನ್ನಿ. ದಂಡಿ ತಿರುಚಿಕೊಂಡಿದ್ದರೂ ಅಷ್ಟೆ.

ಎರಡನೆಯ ಪರೀಕ್ಷೆ ಮೆಟ್ಟಿಲುಗಳದ್ದು. ಒಂದೊಂದು ಮೆಟ್ಟಿಲು ಏರಿದಂತೆ ಆವೃತ್ತಿ 1.0595 ಪಟ್ಟು ಏರಬೇಕು. ಹನ್ನೆರಡು ಮೆಟ್ಟಿಲಿಗೆ ಸರಿಯಾಗಿ ಇಮ್ಮಡಿ. ತಂತಿಯ ಉದ್ದ 648 ಮಿಲಿಮೀಟರ್ ಇದ್ದರೆ ಹನ್ನೆರಡನೆಯ ಮೆಟ್ಟಿಲು 324ರಲ್ಲಿರುತ್ತದೆ. ಅಲ್ಲಿ ತಂತಿಯನ್ನು ಬರಿದೆ ಮುಟ್ಟಿ ಮೀಟಿ. ಆಮೇಲೆ ಒತ್ತಿ ಮೀಟಿ. ಎರಡೂ ಸ್ವರ ಒಂದೇ ಆಗಿರಬೇಕು. ತುಸು ವ್ಯತ್ಯಾಸವಿದ್ದರೆ ಕುದುರೆಯನ್ನು ಹಿಂದೆಮುಂದೆ ಸರಿಸಿ ಸರಿಪಡಿಸಬಹುದು. ಎಲ್ಲ ಮೆಟ್ಟಿಲುಗಳಲ್ಲೂ ಒಂದೊಂದೇ ಸ್ವರ ನುಡಿಸಿ. ಗೊರಗೊರ ಸದ್ದು ಬಂದಲ್ಲಿ ಮೆಟ್ಟಿಲು ಸವೆದಿದೆ ಅಥವಾ ಮೇಲೆದ್ದಿದೆ. ಹೊಸದು ಹಾಕಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರೀತು.

ಗುಂಡಿ ತಿರುಗಿಸಿದಾಗ ಚರಚರ ಎಂದರೆ, ಸ್ವಿಚ್ಚು ಆಗಾಗ ಸತ್ತರೆ ಗಾಬರಿ ಬೇಡ. ಬೆಲೆ ಇಳಿಸಿ ಎಂದು ಕೇಳಲು ಅದೊಂದು ನೆಪ. ಧೂಳು ತೆಗೆಯುವ ದ್ರವವೋ ಹೊಸ ಬೆಸುಗೆಯೋ ಸಾಕಾಗಬಹುದು.

ಮಾರ್ಪಾಡಿನ ಲೆಕ್ಕ

ಮೊದಲ ಮಾರ್ಪಾಡಿಗೆ ಕಾಸು ಖರ್ಚಿಲ್ಲ. ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಕಾಂತ ತಂತಿಯನ್ನೇ ಸೆಳೆದು ಸ್ವರವನ್ನು ಕೆಡಿಸುತ್ತದೆ. ತಿರುಪಿನಿಂದ ಅದನ್ನು ಒಂದೆರಡು ಮಿಲಿಮೀಟರ್ ಇಳಿಸಿ ಕೇಳಿ.

ಪಿಕಪ್ ಇರುವ ಜಾಗವೂ ಮುಖ್ಯ. ತಂತಿ ಕಂಪಿಸುವಾಗ ಮೂಲ ಸ್ವರದ ಜೊತೆ ಉಪಸ್ವರಗಳೂ ಇರುತ್ತವೆ. ಪ್ರತಿಯೊಂದು ಉಪಸ್ವರಕ್ಕೂ ತಂತಿಯ ಮೇಲೆ ಅಲುಗದೆ ನಿಲ್ಲುವ ಬಿಂದುಗಳಿವೆ. ಇವೇ ನಿಷ್ಪಂದಗಳು. ನಿಷ್ಪಂದದ ಕೆಳಗಿರುವ ಪಿಕಪ್ಪಿಗೆ ಆ ಉಪಸ್ವರ ಕೇಳಿಸದು. ನಿಷ್ಪಂದದಲ್ಲಿ ಮೀಟಿದರೆ ಕೂಡ ಆ ಉಪಸ್ವರ ಏಳಬಾರದು ಎಂಬುದು ಹಳೆಯ ನಿಯಮ. ನಮ್ಮ ವೀಣೆ, ತಂಬೂರಿಗಳ ಬಾಗಿದ ಕುದುರೆ ಈ ನಿಯಮವನ್ನು ಮೀರುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲಿ ತೋರಿಸಿದ್ದರು. ಗಿಟಾರಿನ ಕುದುರೆ ಚೂಪು. ಅಲ್ಲಿ ನಿಯಮ ನಡೆಯುತ್ತದೆ. ಕುದುರೆಯ ಬಳಿಯ ಪಿಕಪ್ಪಿನಲ್ಲಿ ಮೂಲಸ್ವರ ಕ್ಷೀಣ, ದನಿ ಹರಿತ. ದಂಡಿಯ ಬಳಿಯದರಲ್ಲಿ ದನಿ ದುಂಡಗೆ. ಎಷ್ಟು ದುಬಾರಿ ಪಿಕಪ್ ಹಾಕಿದರೂ ಜಾಗದ ಗುಣ ಬದಲಾಗದು.

ಪಿಕಪ್ಪಿನ ಸುರುಳಿ ಮತ್ತು ಕೇಬಲ್ಲಿನ ಧಾರಕತೆ ಸೇರಿ ಒಂದು ಅನುನಾದ ಮಂಡಲವಾಗುತ್ತದೆ. 2.5 ಹೆನ್ರಿ ಸುರುಳಿಗೆ ಒಟ್ಟು 500 ಪಿಕೊಫ್ಯಾರಡ್ ಧಾರಕತೆ ಸೇರಿದರೆ ಅನುನಾದ ಸುಮಾರು 4500 ಹರ್ಟ್ಸ್. ಕೇಬಲ್ ಉದ್ದವಾಗಿ ಧಾರಕತೆ 1000 ಆದರೆ ಅದು ಸುಮಾರು 3200ಕ್ಕೆ ಇಳಿದು ನಾದ ಮಂಕಾಗುತ್ತದೆ. ಹೊಸ ಪಿಕಪ್ ಕೊಳ್ಳುವ ಮೊದಲು ಗಿಡ್ಡ ಕೇಬಲ್ ಹಾಕಿ ನೋಡುವುದು ಜಾಣತನ. ಒಂಟಿ ಸುರುಳಿಗೆ 250 ಕಿಲೊಓಮ್, ಹಂಬಕರಿಗೆ 500 ಕಿಲೊಓಮ್ ಗುಂಡಿಗಳನ್ನು ಬಳಸುವ ರೂಢಿಯ ಹಿಂದೆ ಇರುವುದೂ ಇದೇ ಅನುನಾದ. ರೋಧ ಕಡಿಮೆಯಾದಷ್ಟೂ ಅನುನಾದದ ಮೊನಚು ತಗ್ಗುತ್ತದೆ.

ತೆಗೆದ ಭಾಗಗಳನ್ನು ಎಸೆಯದಿರಿ. 1950ರ ದಶಕದ ಎಷ್ಟೋ ಗಿಟಾರುಗಳ ಮರ ಕೊರೆದು ಹಂಬಕರ್ ಕೂರಿಸಿದವರು ಅವುಗಳ ಬೆಲೆಯನ್ನೂ ಕೊರೆದರು. ಬೆಸುಗೆಯನ್ನು ಬಿಚ್ಚಬಹುದು, ಉಳಿಯ ಗಾಯವನ್ನು ಮುಚ್ಚಲಾಗದು.

ಕೊನೆಯದಾಗಿ ಒಂದು ಎಚ್ಚರಿಕೆ. ಗಿಟಾರಿನೊಳಗಿನ ವಿದ್ಯುತ್ ನಿರಪಾಯಕಾರಿ, ಆಂಪ್ಲಿಫೈಯರಿನದು ಅಲ್ಲ. ಕೊಳವೆಗಳುಳ್ಳ ಆಂಪ್ಲಿಫೈಯರಿನ ಧಾರಕಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಬಿಚ್ಚಬೇಡಿ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಮೂಲಕ ಭೂಸಂಪರ್ಕ ಹೊಂದಿರುತ್ತವೆ. ಮೂರನೆಯ ಪಿನ್ನನ್ನು ಮುರಿದು ಎರಡು ಪಿನ್ನಿನಲ್ಲೇ ಕೆಲಸ ಸಾಗಿಸಿದರೆ ಆ ತಂತಿಗಳೇ ಆಘಾತದ ದಾರಿಯಾಗಬಲ್ಲವು. ಲೆಸ್ ಹಾರ್ವಿ ಎಂಬ ಸ್ಕಾಟ್ಲೆಂಡಿನ ವಾದಕ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಭೂಸಂಪರ್ಕ ಸರಿಯಿಲ್ಲದ ಮೈಕ್ರೊಫೋನನ್ನು ಮುಟ್ಟಿ ಪ್ರಾಣ ಕಳೆದುಕೊಂಡರು. ಹಳೆಯ ಗಿಟಾರಿಗೆ ಮಾಡುವ ಮೊದಲ ಖರ್ಚು ಹೊಸ ಪಿಕಪ್ಪಿಗಲ್ಲ, ಅದನ್ನು ನುಡಿಸುವ ಕೋಣೆಯ ಭೂಸಂಪರ್ಕಕ್ಕಿರಲಿ.

ದಂಡಿ ನೆಟ್ಟಗಿದ್ದು, ಮೆಟ್ಟಿಲು ನೇರವಿದ್ದು, ಬಿರಡೆಗಳು ಶ್ರುತಿ ಹಿಡಿದರೆ ಉಳಿದದ್ದನ್ನು ನಿಧಾನವಾಗಿ ಕಲಿತು ಕಟ್ಟಬಹುದು. ಹಾಗೆ ಕಟ್ಟುತ್ತ ಹೋದವರಿಗೆ ಫ್ಯಾರಡೆಯ ನಿಯಮ ಪುಸ್ತಕದ ಪಾಠವಾಗಿ ಉಳಿಯದು. ಬೆರಳ ತುದಿಯಲ್ಲಿ ಕೇಳಿಸುತ್ತದೆ.