ಬೆಳೆಸುವ ಹಾರ್ಮೋನಿಗೆ ಸಣ್ಣ ಆರ್‌ಎನ್‌ಎಗಳ ಕಡಿವಾಣ

ವಯಸ್ಸಾದಂತೆ ಪಿಟ್ಯುಟರಿ ಗ್ರಂಥಿ ಸ್ರವಿಸುವ ಬೆಳವಣಿಗೆ ಹಾರ್ಮೋನು ಇಳಿಯುತ್ತ ಹೋಗುತ್ತದೆ. ಅದರ ಪ್ರಚೋದನೆಯಿಂದ ಯಕೃತ್ತಿನಲ್ಲಿ ತಯಾರಾಗುವ ಐಜಿಎಫ್-1 ಎಂಬ ಪ್ರೋಟೀನೂ ಅದರ ಜೊತೆಗೇ ಕುಸಿಯುತ್ತದೆ. 1990ರಲ್ಲಿ ಅಮೆರಿಕದ ಡೇನಿಯಲ್ ರುಡ್‌ಮನ್ ಅರವತ್ತು ದಾಟಿದ ಕೆಲವು ಗಂಡಸರಿಗೆ ಈ ಹಾರ್ಮೋನು ಕೊಟ್ಟಾಗ ಆರು ತಿಂಗಳಲ್ಲಿ ಅವರ ಕೊಬ್ಬು ಕರಗಿ ಮಾಂಸಲ ತೂಕ ಏರಿತು. ಕೊರತೆಯನ್ನು ತುಂಬಿಕೊಟ್ಟರೆ ಯೌವನ ಮರಳುತ್ತದೆ ಎಂಬ ವ್ಯಾಪಾರಕ್ಕೆ ಅಷ್ಟೇ ಸಾಕಾಯಿತು. ಆರು ವರ್ಷಗಳ ಬಳಿಕ ಹಾಲಿ ಬ್ರೌನ್-ಬೋರ್ಗ್, ಆಂಡ್ರೆ ಬಾರ್ಟ್ಕೆ ಮತ್ತು ಸಂಗಡಿಗರು ಇದಕ್ಕೆ ತದ್ವಿರುದ್ಧವಾದ ಫಲಿತಾಂಶ ಪ್ರಕಟಿಸಿದರು: ಹುಟ್ಟಿನಿಂದಲೇ ಈ ಹಾರ್ಮೋನು ಇಲ್ಲದ ಏಮ್ಸ್ ಎಂಬ ತಳಿಯ ಕುಬ್ಜ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಸುಮಾರು ಒಂದೂವರೆ ಪಟ್ಟು ಕಾಲ ಬದುಕಿದ್ದವು. ಅವುಗಳಲ್ಲಿ ಇನ್ನೆರಡು ಹಾರ್ಮೋನುಗಳೂ ಇರುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬೆಳವಣಿಗೆ ಹಾರ್ಮೋನಿನ ಗ್ರಾಹಕವೊಂದನ್ನೇ ಕಳೆದುಕೊಂಡ ಇಲಿಗಳೂ ದೀರ್ಘಾಯುಗಳಾದಾಗ ಆ ಸಂದೇಹಕ್ಕೆ ಎಡೆ ಉಳಿಯಲಿಲ್ಲ.

ಸಣ್ಣ ಆರ್‌ಎನ್‌ಎಗಳ ಕಥೆ ಇದಕ್ಕೆ ಸಂಬಂಧವೇ ಇಲ್ಲದಂತೆ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಶುರುವಾಯಿತು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ತಂಡಗಳು, ಇಪ್ಪತ್ತೆರಡರಷ್ಟೇ ಅಕ್ಷರಗಳ ಲಿನ್-4 ಎಂಬ ಆರ್‌ಎನ್‌ಎ ತುಣುಕು ಲಿನ್-14 ಜೀನಿನ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ತಡೆಯುತ್ತದೆಂದು ತೋರಿಸಿದವು. 2024ರ ನೊಬೆಲ್ ಇವರಿಬ್ಬರ ಪಾಲಾಯಿತು. ಲಿನ್-4 ಮರಿಹುಳುವಿನ ಬೆಳವಣಿಗೆಯ ಹಂತಗಳಿಗೆ ಗಡಿಯಾರದಂತಿತ್ತು. ಆಯುಷ್ಯಕ್ಕೂ ಅದಕ್ಕೂ ನಂಟಿದೆಯೆಂದು 2005ರಲ್ಲಿ ಬೋಮ್ ಮತ್ತು ಸ್ಲ್ಯಾಕ್ ಕಂಡುಕೊಂಡರು. ಅದನ್ನು ತೆಗೆದರೆ ಆಯುಷ್ಯ ಮೊಟಕಾಗುತ್ತಿತ್ತು, ಹೆಚ್ಚಿಸಿದರೆ ಉದ್ದವಾಗುತ್ತಿತ್ತು, ಮತ್ತು ಈ ಪರಿಣಾಮ ಇನ್ಸುಲಿನ್-ಐಜಿಎಫ್ ಮಾದರಿಯ ಸಂಕೇತ ಮಾರ್ಗದ ಮೂಲಕ ನಡೆಯುತ್ತಿತ್ತು. ಪಿಟ್ಯುಟರಿಯೇ ಇಲ್ಲದ ಹುಳು ಬೆಳವಣಿಗೆ ಹಾರ್ಮೋನಿನ ಬಗ್ಗೆ ಏನು ಹೇಳೀತು? ಹಾರ್ಮೋನಿನ ಬಗ್ಗೆ ಏನೂ ಇಲ್ಲ. ಆದರೆ ಹಾರ್ಮೋನಿನ ಸಂದೇಶ ಕೊನೆಗೆ ತಲುಪುವ ಯಂತ್ರದ ಬಗ್ಗೆ ಬಹಳಷ್ಟನ್ನು ಹೇಳಬಲ್ಲದು.

ನನ್ನ ವಾದ ಇಲ್ಲಿದೆ: ಸಣ್ಣ ಆರ್‌ಎನ್‌ಎಗಳ ಹಿಡಿತ ಮುಪ್ಪಿನಲ್ಲಿ ಹಾರ್ಮೋನು ಸ್ರವಿಸುವ ಗ್ರಂಥಿಯ ಮೇಲೆ ಇರುವುದಕ್ಕಿಂತ, ಅದರ ಸಂದೇಶವನ್ನು ಸ್ವೀಕರಿಸುವ ಅಂಗಾಂಶಗಳ ಮೇಲೆ ಬಲವಾಗಿದೆ. ಗ್ರಂಥಿಯಲ್ಲಿ ಅವುಗಳ ಕೆಲಸಕ್ಕೆ ಪುರಾವೆ ಇದೆ, ಅಲ್ಲಗಳೆಯಲಾಗದು. ಸಣ್ಣ ಆರ್‌ಎನ್‌ಎಗಳನ್ನು ಕತ್ತರಿಸಿ ಕೊಡುವ ಡೈಸರ್ ಕಿಣ್ವವನ್ನು ಇಲಿಯ ಪಿಟ್ಯುಟರಿಯಲ್ಲಿ ಇಲ್ಲವಾಗಿಸಿದಾಗ ಗ್ರಂಥಿ ಕುಗ್ಗಿ ಬೆಳವಣಿಗೆ ಹಾರ್ಮೋನು ಇಳಿಯಿತೆಂದು 2010ರ ಒಂದು ಅಧ್ಯಯನ ಹೇಳಿತು. ಆದರೆ ಅದು ಭ್ರೂಣದಲ್ಲಿ ಗ್ರಂಥಿ ರೂಪುಗೊಳ್ಳುವ ಹೊತ್ತಿನ ಮಾತು, ಮುಪ್ಪಿನದಲ್ಲ. ಸ್ವೀಕರಿಸುವ ತುದಿಯ ಸಾಕ್ಷ್ಯ ಇನ್ನೂ ಗಟ್ಟಿ. ಲೆಟ್-7 ಗುಂಪಿನ ಆರ್‌ಎನ್‌ಎಗಳು ಐಜಿಎಫ್-1 ಗ್ರಾಹಕವನ್ನೂ ಇನ್ಸುಲಿನ್ ಗ್ರಾಹಕವನ್ನೂ ತಗ್ಗಿಸುತ್ತವೆ. ಏಮ್ಸ್ ಇಲಿಗಳ ಯಕೃತ್ತಿನಲ್ಲಿ ನಡುವಯಸ್ಸಿನ ಹೊತ್ತಿಗೆ ಮಿರ್-27ಎ ಎಂಬ ಸಣ್ಣ ಆರ್‌ಎನ್‌ಎ ಏರಿ, ಚಯಾಪಚಯದ ಕೆಲವು ಕಿಣ್ವಗಳನ್ನು ಹತ್ತಿಕ್ಕುತ್ತದೆಂದು ಬೇಟ್ಸ್ ಮತ್ತು ಸಂಗಡಿಗರು 2010ರಲ್ಲಿ ಸೂಚಿಸಿದರು. ಅದೇ ವರ್ಷ ಸ್ಪೇನ್‌ನ ಕಾರ್ಲೋಸ್ ಲೋಪೆಸ್-ಓಟಿನ್ ತಂಡ ಅಕಾಲ ಮುಪ್ಪಿನ ಇಲಿಗಳಲ್ಲಿ ಇನ್ನೂ ಸ್ಪಷ್ಟವಾದ ಚಿತ್ರ ಕಂಡಿತು: ರಕ್ತದಲ್ಲಿ ಬೆಳವಣಿಗೆ ಹಾರ್ಮೋನು ವಿಪರೀತ, ಐಜಿಎಫ್-1 ಮಾತ್ರ ತೀರಾ ಕಡಿಮೆ, ಐಜಿಎಫ್-1ರ ಸಂದೇಶವನ್ನು ತಡೆಯಬಲ್ಲ ಮಿರ್-1 ಹೆಚ್ಚು. ಐಜಿಎಫ್-1 ಕೊಟ್ಟಾಗ ಆ ಇಲಿಗಳ ಆಯುಷ್ಯ ಹೆಚ್ಚಿತು. ಕುಬ್ಜ ಇಲಿಗೆ ಇಲ್ಲದಿರುವುದೇ ವರ, ಈ ಇಲಿಗೆ ಸಿಗುವುದೇ ವರ! ಹಾರ್ಮೋನಿನ ಮಟ್ಟವೊಂದನ್ನೇ ನೋಡಿ ಮುಪ್ಪನ್ನು ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇವೆಲ್ಲ ಕಾರಣವಲ್ಲ, ಪರಿಣಾಮ ಎನ್ನಬಹುದು: ಹಾರ್ಮೋನು ಇಳಿದುದರಿಂದ ಆರ್‌ಎನ್‌ಎಗಳು ಬದಲಾಗಿರಬಹುದು. ಏಮ್ಸ್ ಇಲಿಗಳ ಮಟ್ಟಿಗೆ ಇದು ಬಹುಮಟ್ಟಿಗೆ ಒಪ್ಪತಕ್ಕದ್ದೇ, ಏಕೆಂದರೆ ಅಲ್ಲಿ ಮೂಲ ದೋಷ ಇರುವುದು ಗ್ರಂಥಿಯನ್ನು ರೂಪಿಸುವ ಜೀನಿನಲ್ಲಿ. ಲಿನ್-4ರ ವಿಷಯದಲ್ಲಿ ಮಾತ್ರ ಈ ವಾದ ನಿಲ್ಲದು. ಅಲ್ಲಿ ಆರ್‌ಎನ್‌ಎಯನ್ನೇ ಬದಲಿಸಿ ಆಯುಷ್ಯ ನೋಡಿದ್ದಾರೆ. ಕಾಲದ ಪ್ರಶ್ನೆಯೂ ಇದೆ. ಎಳೆಯ ಏಮ್ಸ್ ಇಲಿಗಳಿಗೆ ಕೆಲವೇ ವಾರ ಬೆಳವಣಿಗೆ ಹಾರ್ಮೋನು ಕೊಟ್ಟರೂ ಅವುಗಳ ದೀರ್ಘಾಯುಷ್ಯ ಮೊಟಕಾಯಿತೆಂದು 2017ರಲ್ಲಿ ಬಾರ್ಟ್ಕೆ ತಂಡ ತೋರಿಸಿತು. ಮುಪ್ಪಿನ ಗತಿ ಬಾಲ್ಯದಲ್ಲೇ ಒಂದಷ್ಟು ನಿರ್ಧಾರವಾಗುವುದಾದರೆ, ಮುದಿಪ್ರಾಣಿಯ ರಕ್ತದಲ್ಲಿ ತೇಲುವ ಆರ್‌ಎನ್‌ಎಗಳನ್ನು ಎಣಿಸಿ ಕಾರಣ ಹುಡುಕುವ ಅಧ್ಯಯನಗಳು ತಡವಾಗಿ ಬಾಗಿಲು ತಟ್ಟುತ್ತಿವೆ. ಒಂದೊಂದು ಸಣ್ಣ ಆರ್‌ಎನ್‌ಎಗೂ ನೂರಾರು ಗುರಿಗಳಿರುವುದರಿಂದ, ಯಾವುದೋ ಒಂದನ್ನು ಏರಿಸಿ ಇಳಿಸುವ ಚಿಕಿತ್ಸೆಯ ಭರವಸೆಯನ್ನು ಈಗಲೇ ನಂಬುವಂತಿಲ್ಲ. ಇನ್ನು ಹಾರ್ಮೋನನ್ನೇ ತುಂಬಿಕೊಡುವ ಹಳೆಯ ವ್ಯಾಪಾರದ ಮಾತು: ಅಮೆರಿಕದಲ್ಲಂತೂ ಮುಪ್ಪು ತಡೆಯಲೆಂದು ಬೆಳವಣಿಗೆ ಹಾರ್ಮೋನು ಮಾರುವುದೇ ಕಾನೂನುಬಾಹಿರ.